ಅತ್ತೆ ಹಾಕಿದ ಗುಂಡಿ

ಹೊಲಿಗೆ ಅಂಗಡಿಯ ಸೊಸೆಯನ್ನು ಕಲ್ಲುಮನಸ್ಸಿನವಳು ಎಂದು ಯಾರೂ ಅನ್ನುವ ಹಾಗಿರಲಿಲ್ಲ. ಲಕ್ವ ಹೊಡೆದು ಅತ್ತೆಯ ಬಲಗೈ ಸ್ವಾಧೀನ ತಪ್ಪಿದ ದಿನದಿಂದ ಅವಳು ಅವರನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಳು. ತುತ್ತು ತಾನೇ ಬಾಯಿಗಿಡುತ್ತಿದ್ದಳು, ತಲೆಯನ್ನೂ ತಾನೇ ಬಾಚುತ್ತಿದ್ದಳು. ಸೂಜಿ, ಕತ್ತರಿಯನ್ನೆಲ್ಲ ಅವರ ಕೈಗೆ ಸಿಗದ ಹಾಗೆ ಮೇಲಿನ ಗೂಡಿಗೆ ಸೇರಿಸಿದ್ದಳು. ಅವಳಿಗೆ ಹೊಲಿಗೆ ಕಲಿಸಿದ್ದು ಅದೇ ಅತ್ತೆ. ಈಗ ನೋಡಿದರೆ ಅತ್ತೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟಿದ್ದರು. ನಾಲ್ಕು ದಿನದಿಂದ ಊಟವೂ ಸರಿಯಾಗಿ ಸೇರುತ್ತಿರಲಿಲ್ಲ.

ಬಿ.ಪಿ. ನೋಡಲು ಬಂದ ನರ್ಸಮ್ಮನ ಮುಂದೆ ಸೊಸೆ ಗೋಳಾಡಿದಳು. "ನಾನೇನು ಕಮ್ಮಿ ಮಾಡಿದೀನಿ ಹೇಳಿ? ಒಂದು ಕಡ್ಡಿ ಎತ್ತಿಡೋಕೂ ಬಿಟ್ಟಿಲ್ಲ!"

"ಅಲ್ಲೇ ನೋಡಮ್ಮ ಎಡವಟ್ಟಾಗಿರೋದು. ಅವರಿಗೇನು ಬೇಕು ಅಂತ ಒಂದಿನ ಆದ್ರೂ ಕೇಳಿದ್ಯಾ?"

"ಪಾಪ, ಕೈಲಾಗದವರನ್ನ ಏನಂತ ಕೇಳೋದು?"

"ಪಾಪ ಅಂದ್ಕೊಂಡು ಎಲ್ಲಾ ನೀನೇ ಮಾಡಿಬಿಟ್ರೆ ಅದು ಕರುಣೆ ಆಗಲ್ಲ. ಅವರ ಜಾಗದಲ್ಲಿ ನಿಂತು ನೋಡು. ಅವರನ್ನೇ ಕೇಳು. ಆಮೇಲೆ ಬೇಕಾದಷ್ಟಕ್ಕೆ ಕೈ ಜೋಡಿಸು. ಕರುಣೆ ಅಂದ್ರೆ ಅದು."

ಇದೊಳ್ಳೆ ಕಥೆಯಾಯಿತಲ್ಲ ಎಂದುಕೊಂಡಳು ಸೊಸೆ. ಆದರೂ ಹೋಗಿ ಪಕ್ಕದಲ್ಲಿ ಕುಕ್ಕರಿಸಿದಳು. "ಅತ್ತೆ, ನಿಮಗೇನು ಬೇಕು?"

ಅತ್ತೆ ಥಟ್ಟನೆ ತಿರುಗಿದರು. "ನನ್ನ ಸೂಜಿ ಬೇಕು."

ಸೊಸೆ ನರ್ಸಮ್ಮನ ಕಡೆ ತಿರುಗಿದಳು. ಚುಚ್ಚಿಕೊಂಡರೆ? ನರ್ಸಮ್ಮ ಕಣ್ಣಲ್ಲೇ ಕೊಡು ಎಂದರು. ಸೊಸೆ ಗೂಡಿನಿಂದ ಸೂಜಿ, ದಾರ ಇಳಿಸಿ ಕೊಟ್ಟಳು. ಅತ್ತೆ ಸೂಜಿಯನ್ನು ದಿಂಬಿಗೆ ಚುಚ್ಚಿ ನಿಲ್ಲಿಸಿ, ಎಡಗೈಯಲ್ಲಿ ದಾರ ಪೋಣಿಸಲು ಹೊರಟರು. ಮೂರು ಸಲ ತಪ್ಪಿತು. ಸೊಸೆಯ ಕೈ ತಾನಾಗಿ ಮುಂದೆ ಹೋಯಿತು, ತಡೆದುಕೊಂಡಳು. ನಾಲ್ಕನೇ ಸಲ ದಾರ ಹೊಕ್ಕಿತು. ಗುಂಡಿ ಹಾಕಲೆಂದು ಅಂಗಡಿಯ ಅಂಗಿಯೊಂದನ್ನು ಹತ್ತಿರಕ್ಕೆಳೆದುಕೊಂಡರು, ಆದರೆ ಒಂದೇ ಕೈಗೆ ಅದು ನಿಲ್ಲದೆ ಜಾರುತ್ತಿತ್ತು.

"ಆ ತಣ್ಣಗಿರೋ ಇಸ್ತ್ರಿಪೆಟ್ಟಿಗೆ ತಂದು ಇದರ ಮೇಲಿಡು," ಎಂದರು ಅತ್ತೆ. ಇಟ್ಟಳು. ಅವರಿಗೆ ಬೇಕಾಗಿದ್ದ ಸಹಾಯ ಅಷ್ಟೇ.

ಒಂದು ಗುಂಡಿಗೆ ಅರ್ಧ ಗಂಟೆ ಹಿಡಿಯಿತು. ಸೊಸೆ ಜಗ್ಗಿ ನೋಡಿದಳು. ಅಲ್ಲಾಡಲಿಲ್ಲ!

"ಗಟ್ಟಿಯಾಗಿದೆ ಅತ್ತೆ, ಗಟ್ಟಿಯಾಗಿದೆ!" ಎಂದು ಕುಣಿದಾಡಿದಳು. ಅಳುವೂ ನಗುವೂ ಒಟ್ಟಿಗೇ ಬಂದವು.

"ಕುಣಿದಿದ್ದು ಸಾಕು. ನೀನು ಹಾಕಿದ ಗುಂಡಿ ಎರಡು ಒಗೆತಕ್ಕೆ ಉದುರುತ್ತೆ. ಉಳಿದ ಅಂಗಿನೂ ಇತ್ತ ಕೊಡು," ಎಂದರು ಅತ್ತೆ. "ಮೊದಲು ಊಟ ಬಡಿಸು. ತಟ್ಟೆ ನನ್ನ ಮುಂದಿಡು, ನಾನೇ ತಿಂತೀನಿ."

ಈಗ ನಿಮ್ಮ ಮನೆಯ ಮಾತು. ಕೈಲಾಗದವರು ಎಂದು ನೀವು ಪ್ರೀತಿಯಿಂದಲೇ ಮೂಲೆಗೆ ಕೂರಿಸಿದವರು ಯಾರಾದರೂ ಇದ್ದಾರೆಯೇ? ಇವತ್ತೇ ಅವರ ಪಕ್ಕ ಕೂತು, ಏನು ಬೇಕು ಎಂದು ಕೇಳಿ. ಉತ್ತರ ಬರುವವರೆಗೂ ಏಳಬೇಡಿ.