ಬೀಗಿತ್ತಿಯರ ಜೋಡಿ ಸೈಕಲ್

ಮದುವೆಯಾದ ಆರು ತಿಂಗಳಿಗೆ ಗಂಡ ಹೆಂಡತಿ ಸೇರಿ ಒಂದು ಜೋಡಿ ಸೈಕಲ್ ಕೊಂಡರು. ಎರಡು ಸೀಟು, ನಾಲ್ಕು ಪೆಡಲ್, ಗುಡ್ಡ ಹತ್ತಲೆಂದೇ ಮಾಡಿದ ದಪ್ಪ ಟೈರು. ಮೂರನೇ ಸವಾರಿಗೇ ಆಳಿಗೊಂದು ಮೊಣಕಾಲು ತರಚಿಕೊಂಡು, ಮಾತು ಬಿಟ್ಟು, ಅದನ್ನು ತಳ್ಳಿಕೊಂಡು ಬಂದು ಹುಡುಗನ ತಾಯಿಯ ಲಾಂಡ್ರಿಯ ಹಿಂದೆ ಒರಗಿಸಿದರು.

ಸುದ್ದಿ ತಿಳಿದು ಹುಡುಗಿಯ ತಾಯಿ ಭಾನುವಾರ ಬೆಳಿಗ್ಗೆಯೇ ಬಂದರು. ಆಕೆ ಆಪರೇಷನ್ ಥಿಯೇಟರಿನ ನರ್ಸ್. ಲಾಂಡ್ರಿಯಮ್ಮ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಒರೆಸಿದ ಕುರ್ಚಿಯನ್ನೇ ಇನ್ನೊಮ್ಮೆ ಒರೆಸಿ ಕೂರಿಸಿದರು. ಬೀಗಿತ್ತಿಯರ ನಡುವೆ ಮರ್ಯಾದೆಗೇನೂ ಕಡಿಮೆಯಿರಲಿಲ್ಲ. ಮರ್ಯಾದೆ ಬಿಟ್ಟರೆ ಬೇರೇನೂ ಇರಲೂ ಇಲ್ಲ.

"ನಿಮ್ಮ ಮಗ ಅಪರಂಜಿ," ಎಂದರು ನರ್ಸಮ್ಮ. "ಸ್ವಲ್ಪ ಕಲ್ಲು ಮುಳ್ಳು ನೋಡ್ಕೊಂಡು ಸೈಕಲ್ ಬಿಟ್ಟಿದ್ರೆ ಅಂತ, ಅಷ್ಟೇ."

"ನಿಮ್ಮ ಮಗಳಂತೂ ಬಂಗಾರ," ಎಂದರು ಲಾಂಡ್ರಿಯಮ್ಮ. "ಹಿಂದೆ ಕೂತು ಒಂದೆರಡು ಸಲ ತುಳಿದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ನಗುನಗುತ್ತಲೇ ಮಾತಿಗೆ ಮಾತು ಬೆಳೆದು, ತಪ್ಪು ಯಾರದೆಂದು ಸೈಕಲೇ ಹೇಳಲಿ ಎಂಬಲ್ಲಿಗೆ ಬಂತು. ಮಕ್ಕಳ ಹೆಲ್ಮೆಟ್ ತೊಟ್ಟು ಇಬ್ಬರೂ ಗುಡ್ಡದ ಬುಡಕ್ಕೆ ಹೋದರು. "ನೀವು ಮುಂದೆ ಕೂತ್ಕೊಳ್ಳಿ", "ಛೆ, ನೀವಿರುವಾಗ ನಾನಾ?" ಎಂದು ಅಲ್ಲಿ ಹತ್ತು ನಿಮಿಷ ಉಪಚಾರ ನಡೆಯಿತು. ಕೊನೆಗೆ, ಇಪ್ಪತ್ತು ವರ್ಷ ಸೈಕಲ್ಲಿನಲ್ಲೇ ಬಟ್ಟೆ ಗಂಟು ಸಾಗಿಸಿದ್ದ ಲಾಂಡ್ರಿಯಮ್ಮ ಮುಂದೆ ಕೂತರು.

ಈ ಸೈಕಲ್ಲಿನಲ್ಲಿ ಒಬ್ಬರ ಪೆಡಲ್ ತಿರುಗಿದರೆ ಇನ್ನೊಬ್ಬರದೂ ತಿರುಗುತ್ತದೆ. ಲಾಂಡ್ರಿಯಮ್ಮ ಹೇಳದೆ ಕೇಳದೆ ಹೊರಟರು, ಹಿಂದಿನ ಪೆಡಲ್ ನರ್ಸಮ್ಮನ ಮೀನಖಂಡಕ್ಕೆ ಬಡಿಯಿತು.

"ನೋವಾಯ್ತಾ?"

"ಅಯ್ಯೋ, ಏನಿಲ್ಲ ಬಿಡಿ," ಎಂದರು ನರ್ಸಮ್ಮ, ಹಲ್ಲು ಕಚ್ಚಿಕೊಂಡು.

ಹಿಂದೆ ಕೂತವರಿಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಅರ್ಧ ಏರು ಮುಗಿದು ಕಾಲುದಾರಿ ತುಸು ಇಳಿಜಾರಾದಾಗ ಮುಂದಿನಿಂದ ದನಿ ಬಂತು.

"ಬೀಗಿತ್ತಿಯವರೇ, ತಪ್ಪು ತಿಳ್ಕೋಬೇಡಿ, ಮುಂದೆ ಒಂದು ದೊಡ್ಡ..."

'ಕಲ್ಲು' ಎನ್ನುವಷ್ಟರಲ್ಲಿ ಇಬ್ಬರೂ ಪೊದೆಯೊಳಗಿದ್ದರು.

ನರ್ಸಮ್ಮ ಅಭ್ಯಾಸಬಲದಿಂದ ಮೊದಲು ಬೀಗಿತ್ತಿಯ ಕೈಕಾಲು ಮುಟ್ಟಿ ನೋಡಿದರು. ಮೂಳೆಗಳೆಲ್ಲ ನೆಟ್ಟಗಿದ್ದವು. ಆಮೇಲೆ ನಗು ತಡೆಯಲಾಗಲಿಲ್ಲ.

"ನಿಮ್ಮ 'ಬೀಗಿತ್ತಿಯವರೇ' ಮುಗಿಯೋದ್ರೊಳಗೆ ಕಲ್ಲೇ ಬಂದ್ಬಿಡ್ತಲ್ರೀ! ಥಿಯೇಟರಲ್ಲಿ ಡಾಕ್ಟ್ರು 'ಕತ್ತರಿ' ಅಂದ್ರೆ ಕತ್ತರಿ ಕೈಗೆ ಹೋಗ್ಬೇಕು. 'ತಪ್ಪು ತಿಳ್ಕೋಬೇಡಿ ಸಿಸ್ಟರ್' ಅಂತ ಶುರು ಮಾಡಿದ್ರೆ ರೋಗಿ ಎದ್ದು ಕೂರ್ತಾನೆ."

"ಹಾಗಂತ ನಿಮಗೆ ಏಕವಚನದಲ್ಲಿ ಕೂಗ್ಲಾ? ನಾಲಿಗೆ ಹೊರಳಲ್ಲ."

"ಹೊರಳಿಸಿ. ಹಲ್ಲು ಉಳೀಬೇಕಲ್ಲ."

ಮುಳ್ಳು ಕೀಳುತ್ತ ಅಲ್ಲೇ ಒಪ್ಪಂದವಾಯಿತು. ಮುಂದಿನವರು ಎರಡೂ ಬ್ರೇಕ್ ಹಿಡಿದು, ಕಾಲೂರಿ ನಿಲ್ಲಬೇಕು; ಹಿಂದಿನವರು ಕೂತು 'ಆಯ್ತು' ಅಂದ ಮೇಲೆಯೇ ಹೊರಡಬೇಕು. ಕಂಡದ್ದನ್ನೆಲ್ಲ ಮುಂದಿನವರು ಒಂದೇ ಮಾತಿನಲ್ಲಿ ಕೂಗಬೇಕು. ಹಿಂದಿನವರು ಅತ್ತಿತ್ತ ವಾಲಿ ಇಣುಕಬಾರದು.

"ಒಂದು ನಿಜ ಹೇಳ್ಲಾ?" ಎಂದರು ನರ್ಸಮ್ಮ. "ಏರಿನಲ್ಲಿ ನಾನು ತುಳೀಲೇ ಇಲ್ಲ. ಪೆಡಲ್ ಮೇಲೆ ಕಾಲಿಟ್ಕೊಂಡು ಸುಮ್ನೆ ಕೂತಿದ್ದೆ."

"ಗೊತ್ತಾಯ್ತು. ಅದಕ್ಕೇ ನಾನೂ ಕಲ್ಲಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಿದೆ."

ಉಳಿದ ಏರನ್ನು ಇಬ್ಬರೂ ನಿಜವಾಗಿ ತುಳಿದರು. ನೆತ್ತಿಯಿಂದ ಇಳಿಯುವಾಗ ಗುಡ್ಡವೇ ಕಿವಿ ಮುಚ್ಚಿಕೊಳ್ಳುವಂತಿತ್ತು.

"ಗುಂಡಿ! ಏಳು!"

ಪೆಡಲ್‌ಗಳನ್ನು ಸಮಕ್ಕೆ ನಿಲ್ಲಿಸಿ ಇಬ್ಬರೂ ಸೀಟಿನಿಂದ ಎದ್ದರು. ಗುಂಡಿ ಕೆಳಗೇ ಹಾದುಹೋಯಿತು.

"ಎಡಕ್ಕೆ ತಿರುವು!"

"ಈಗಲೇ ಬ್ರೇಕ್ ಹಿಡಿಯೇ! ಇಬ್ಬರ ಭಾರ, ನಿಲ್ಲೋಕೆ ಹೊತ್ತು ಬೇಕು!"

"ಹಿಡಿದಿದೀನಿ ಕಣೇ, ನೀನು ವಾಲಬೇಡ!"

ಲಾಂಡ್ರಿಯ ಮುಂದೆ ಮಗ ಸೊಸೆ ಗಾಬರಿಯಿಂದ ಕಾಯುತ್ತಿದ್ದರು. ಕೆದರಿದ ತಲೆ, ಮಣ್ಣು ಮೆತ್ತಿದ ಸೆರಗಿನ ಇಬ್ಬರು ತಾಯಂದಿರು ಬಂದು ನಿಂತರು.

"ಇಳಿಯೇ ಮಾರಾಯ್ತಿ, ಬೇಗ!" ಎಂದರು ಲಾಂಡ್ರಿಯಮ್ಮ.

ಮಗನ ಮುಖ ಬಿಳುಚಿತು. "ಅಮ್ಮ! ಅತ್ತೆ ಹತ್ರ ಹೀಗಾ ಮಾತಾಡೋದು?"

"ಜಗಳ ಆಡಿದ್ರಾ?" ಎಂದು ಸೊಸೆ ಗಂಡನ ತೋಳು ಹಿಡಿದಳು. "ರೀ, ಏನಾದ್ರೂ ಮಾಡಿ."

ಬೀಗಿತ್ತಿಯರು ಆ ತೋಳನ್ನು ನೋಡಿದರು. ನಾಲ್ಕು ದಿನದಿಂದ ಮಾತು ಬಿಟ್ಟವರು ಅಂಟಿಕೊಂಡು ನಿಂತಿದ್ದರು. ನರ್ಸಮ್ಮ ಕಣ್ಣು ಮಿಟುಕಿಸಿದರು.

"ಇನ್ನು ಇವಳ ಮುಖ ನೋಡಿದ್ರೆ ಕೇಳು!" ಎಂದು ಸೆರಗು ಕೊಡವಿದರು.

"ನಿನ್ನ ಮುಖ ಯಾರಿಗೆ ಬೇಕಾಗಿದೆ?" ಎಂದು ಲಾಂಡ್ರಿಯಮ್ಮ ಅರ್ಧ ಬಾಗಿಲು ಎಳೆದುಕೊಂಡರು.

ವಾರವಿಡೀ ಗಂಡ ಹೆಂಡತಿ ತಲೆಗೆ ತಲೆ ಕೊಟ್ಟು, ತಾಯಂದಿರನ್ನು ಒಂದು ಮಾಡುವ ದಾರಿ ಹುಡುಕಿದರು. ಮುಂದಿನ ಭಾನುವಾರ ರಾಜಿಗೆಂದು ಕೇಕ್ ಹಿಡಿದು ಬಂದರೆ ಲಾಂಡ್ರಿಗೆ ಬೀಗ, ಹಿಂದೆ ಸೈಕಲ್ ಇಲ್ಲ. ಅಷ್ಟು ಹೊತ್ತಿಗೆ ಬೀಗಿತ್ತಿಯರು ಗುಡ್ಡದ ನೆತ್ತಿಯಲ್ಲಿ ಕಾಲು ಚಾಚಿ ಕೂತು, ಮುಂದಿನ ವಾರ ಯಾವ ವಿಷಯಕ್ಕೆ ಜಗಳವಾಡುವುದೆಂದು ಯೋಚಿಸುತ್ತಿದ್ದರು.