ಹೋಬರ್ಟ್‌ನ ಟೋಪಿಯ ಮೊಳೆ

ವರ್ಲಿನ್ ಸ್ಟ್ಯಾಂಪರ್ ಓಮಾ ಸ್ಲೋನ್‌ಳ ಮನೆಗೆ ಎಂದೂ ಬರಿಗೈಯಲ್ಲಿ ಹೋದವನಲ್ಲ, ಬರಿಗೈಯಲ್ಲಿ ವಾಪಸು ಬಂದವನೂ ಅಲ್ಲ. ಹೋಗುವಾಗ ಸೇಬಿನ ಕೇಕು ಒಯ್ದರೆ ಬರುವಾಗ ಹೋಬರ್ಟ್‌ನ ಟೈ. ಹೋಗುವಾಗ ಜೇನಿನ ಬಾಟಲಿ, ಬರುವಾಗ ಹೋಬರ್ಟ್‌ನ ಕಾಫಿ ಫ್ಲಾಸ್ಕು. ಹೋಬರ್ಟ್ ಅಂದರೆ ಓಮಾಳ ಗಂಡ, ಅಮೆರಿಕದ ಕೆಂಟಕಿ ಬೆಟ್ಟಗಳ ಬ್ಲೂಗ್ರಾಸ್ ಸಂಗೀತದ ಪಿಟೀಲನ್ನು ದೇಶವೆಲ್ಲ ಕೇಳಿಸಿ ದೊಡ್ಡ ಹೆಸರು ಮಾಡಿದವನು. ಅವನು ಸತ್ತ ಮೇಲಿನ ಆರು ವರ್ಷದಲ್ಲಿ ವರ್ಲಿನ್‌ನ ಮುಂದಿನ ಕೋಣೆ ತುಂಬುತ್ತ ಬಂತು, ಓಮಾಳ ಮನೆ ಖಾಲಿಯಾಗುತ್ತ ಬಂತು. ಹೋಬರ್ಟ್‌ನ ಹುಚ್ಚು ಅಭಿಮಾನಿ ಅವನು. ಪಾಪ, ಕದ್ದದ್ದೇನಲ್ಲ, ಕೇಳಿಯೇ ತಂದದ್ದು. ಕೇಳುವುದಕ್ಕೆ ಮಾತ್ರ ಮಹಾರಾಯನಿಗೆ ನಾಚಿಕೆಯೇ ಇರಲಿಲ್ಲ.

ಆಗ ಓಮಾಳ ಬುದ್ಧಿ ನೆಟ್ಟಗಿತ್ತು. ಈ ವರ್ಷ ಅದು ಕೈಕೊಟ್ಟಿತು. ಗಂಡ ಸತ್ತದ್ದು ಮರೆತೇಹೋಯಿತು, ಬಾಗಿಲ ಪಕ್ಕದ ಮೊಳೆ ಮಾತ್ರ ಮರೆಯಲಿಲ್ಲ. ಟೋಪಿ ಮೊಳೆಯ ಮೇಲಿದ್ದರೆ ಹೋಬರ್ಟ್ ಮನೆಯಲ್ಲಿದ್ದಾನೆ, ಮೊಳೆ ಬೋಳಾಗಿದ್ದರೆ ಎಲ್ಲೋ ಪಿಟೀಲು ಕಛೇರಿಗೆ ಹೋಗಿದ್ದಾನೆ. ಮದುವೆಯಾದಂದಿನಿಂದ ಅವಳ ಸಂಸಾರ ನಡೆದದ್ದೇ ಹಾಗೆ. ಅವನು ಬರುವ ದಿನ ಅವಳು ಜಗಲಿಯಲ್ಲಿ ಕಾದು ಕೂರುತ್ತಿದ್ದಳು, ಅವನು ಬಂದ ಮೇಲೇ ಊಟ. ಈಗ ದಿನ ಬೆಳಗಾದರೆ ಬೋಳು ಮೊಳೆ ನೋಡುತ್ತಾಳೆ, ಇವತ್ತು ಬರುತ್ತಾನೆ ಅನ್ನುತ್ತಾಳೆ, ನವೆಂಬರಿನ ಆ ಚಳಿಯಲ್ಲಿ ಹೋಗಿ ಜಗಲಿಯಲ್ಲಿ ಕೂತುಬಿಡುತ್ತಾಳೆ.

ಮಗಳು ವಿಲಡೀನ್ ಮಧ್ಯಾಹ್ನ ವರ್ಲಿನ್‌ನ ಬಾಗಿಲಿಗೆ ಬಂದವಳು ಒಳಗೆ ಕಾಲಿಡಲಿಲ್ಲ.

"ಅಮ್ಮ ನಿನ್ನೆಯಿಂದ ಒಂದು ತುತ್ತು ತಿಂದಿಲ್ಲ" ಅಂದಳು. "ಒಳಗೆ ಎಳ್ಕೊಂಡು ಹೋದ್ರೆ ಕೈ ಕಚ್ಚೋಕೆ ಬರ್ತಾಳೆ. ಎದೇಲಿ ಕಫ ಕಟ್ಟಿದೆ, ಇನ್ನೊಂದ್ಸಲ ಚಳಿ ಹತ್ತಿದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು. ಆ ಟೋಪಿ ಕೊಡು ವರ್ಲಿನ್. ಒಂದು ಟೋಪಿ ಹೋದ್ರೆ ನಿನ್ನ ಮ್ಯೂಸಿಯಮ್ಮೇನೂ ಮುಳುಗಲ್ಲ."

ತಾನು ತಂದ ಟೋಪಿಯೇ ಓಮಾಳನ್ನು ಕೊಲ್ಲುತ್ತಿದೆ ಎಂದು ವರ್ಲಿನ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಓಡಿಹೋಗಿ ಗಾಜಿನ ಪೆಟ್ಟಿಗೆ ತೆಗೆದ. ಟೋಪಿ, ಅದರ ಕೆಳಗೆ ಪಿಟೀಲು. ಟೋಪಿ ತೆಗೆದ ಮೇಲೆ ಪಿಟೀಲೊಂದೇ ಒಂಟಿಯಾಗಿ ಕಂಡಿತು. ಕೂಡಿಡುವವನಿಗೆ ಜೋಡಿ ಒಡೆಯಲು ಕೈ ಬರುವುದಿಲ್ಲ. ಇದೂ ಇದ್ದರೆ ಓಮಾಳಿಗೆ ಇನ್ನಷ್ಟು ನಂಬಿಕೆಯಾದೀತು ಎಂದುಕೊಂಡು ಅದನ್ನೂ ಬಗಲಿಗೇರಿಸಿದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ, ಅದೇ ಕರ್ಮ.

ಓಮಾಳ ಮನೆಗೆ ಹಿತ್ತಿಲ ಬಾಗಿಲಿನಿಂದ ಹೋಗಿ ಟೋಪಿಯನ್ನು ಮೊಳೆಗೆ ತಗುಲಿಸಿದ, ಪಿಟೀಲನ್ನು ಅದರ ಹಳೆಯ ಗೂಡಿನಲ್ಲಿಟ್ಟ. ವಿಲಡೀನ್ ತಾಯಿಯನ್ನು ಕರೆದಳು. ಓಮಾ ಒಳಗೆ ಬಂದು ಟೋಪಿ ನೋಡಿದಳು, ಮುಖ ಅರಳಿತು.

"ಹಿಂದ್ಗಡೆಯಿಂದ ನುಗ್ಗಿದಾನೆ, ಕಳ್ಳ. ಪಿಟೀಲು ತಗೊಂಡು ಕೊಟ್ಟಿಗೆ ಕಡೆ ಹೋಗಿರ್ತಾನೆ, ಬರ್ಲಿ" ಅಂದಳು.

ಅಂದವಳೇ ಮೇಜಿಗೆ ಕೂತು ಬೇಯಿಸಿದ ಹುರುಳಿಕಾಯಿ, ಮೆಕ್ಕೆಜೋಳದ ರೊಟ್ಟಿ ತಿನ್ನತೊಡಗಿದಳು. ವಿಲಡೀನ್ ಸೆರಗಿಲ್ಲದ ಹೆಂಗಸು, ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಅರ್ಧ ತಟ್ಟೆ ಖಾಲಿಯಾಗುವ ಹೊತ್ತಿಗೆ ಓಮಾಳ ಕಣ್ಣು ಗೂಡಿನ ಕಡೆ ತಿರುಗಿತು.

ಎದ್ದುಹೋಗಿ ಪಿಟೀಲು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ಗಿಲಿಗಿಲಿ ಅಂದಿತು. ಗಿಲಕಿ ಹಾವಿನ ಬಾಲದ ತುದಿ ಅದು. ನಾದ ಚೆನ್ನಾಗಿ ಬರಲೆಂದು ಬೆಟ್ಟದ ಪಿಟೀಲಿನವರು ವಾದ್ಯದ ಹೊಟ್ಟೆಯೊಳಗೆ ಹಾಕಿಟ್ಟುಕೊಳ್ಳುವಂಥದು. ಹೋಬರ್ಟ್‌ನದೇ ಪಿಟೀಲು, ಅನುಮಾನವೇ ಇಲ್ಲ. ಆಮೇಲೆ ಅವಳು ತಂತಿ ಮುಟ್ಟಿದಳು. ಮರ ಸೀಳದಿರಲೆಂದು ವರ್ಲಿನ್ ತಂತಿಗಳನ್ನೆಲ್ಲ ಜೋಪಾನವಾಗಿ ಸಡಿಲಿಸಿಟ್ಟಿದ್ದ.

ಓಮಾ ಸಡಿಲ ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದಳು.

"ಉಸಿರಿರೋ ತನಕ ಅವನು ಇದನ್ನ ಹೀಗೆ ಬಿಡೋನಲ್ಲ" ಅಂದಳು ಕೊನೆಗೆ. "ಯಾವಾಗ ಮಣ್ಣು ಮಾಡಿದ್ವಿ ಅವನನ್ನ?"

ವಿಲಡೀನ್ ಗೋಡೆಯ ಕಡೆ ತಿರುಗಿದಳು. ಸುಳ್ಳು ಹೇಳಬೇಕೆಂದು ವರ್ಲಿನ್ ಬಾಯಿ ತೆರೆದ, ಸುಳ್ಳು ಬರಲಿಲ್ಲ.

"ಆರು ವರ್ಷ ಆಯ್ತು, ಚಿಕ್ಕಮ್ಮ."

"ನಾನಿದ್ನಾ?"

"ಇದ್ರಿ. ಮೊದಲ್ನೇ ಹಿಡಿ ಮಣ್ಣು ನೀವೇ ಹಾಕಿದ್ರಿ."

ಆಗ ಅವಳು ಅತ್ತ ಅಳು ಆರು ವರ್ಷ ಹಳೆಯದಾಗಿರಲಿಲ್ಲ. ಗಂಡನ ಹೆಣ ಆಗಷ್ಟೇ ಮನೆಗೆ ಬಂದ ಹೆಂಡತಿಯ ಅಳು ಅದು. ಗಂಟಲು ಕಟ್ಟುವವರೆಗೆ ಅತ್ತಳು, ಕೆಮ್ಮಿದಳು, ಸುಸ್ತಾಗಿ ಮಲಗಿದಳು. ಟೋಪಿ ಒಂದನ್ನೇ ಕೇಳಿದ್ದೆ ಎಂದು ವಿಲಡೀನ್ ಮೆಲ್ಲಗೆ ಅಂದಳು. ಬೈದಿದ್ದರೆ ವರ್ಲಿನ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಪಿಟೀಲನ್ನು ಕಾರಿನಲ್ಲಿ ಬಚ್ಚಿಟ್ಟು ಬಂದು ಅಡುಗೆಮನೆಯ ಕುರ್ಚಿಯಲ್ಲೇ ಬೆಳಗು ಮಾಡಿದ.

ಬೆಳಗ್ಗೆ ಓಮಾಳಿಗೆ ನಿನ್ನೆಯದೇನೂ ನೆನಪಿರಲಿಲ್ಲ. ಆದರೆ ಮೊಳೆಯ ಮೇಲಿನ ಟೋಪಿ ಕಂಡದ್ದೇ ಕಣ್ಣಲ್ಲಿ ನೀರು ಬಂತು. ಯಾಕೆಂದು ಅವಳಿಗೇ ತಿಳಿಯದೆ ಮಗಳ ಕೈ ಹಿಡಿದುಕೊಂಡು ನಿಂತಳು. ವರ್ಲಿನ್‌ಗೆ ನೋಡಲಾಗಲಿಲ್ಲ. ಅವಳು ಮುಖ ತೊಳೆಯಲು ಹೋದಾಗ ಟೋಪಿ ತೆಗೆದು ಕೋಟಿನೊಳಗೆ ಸೇರಿಸಿದ.

ವಾಪಸು ಬಂದವಳು ಬೋಳು ಮೊಳೆ ನೋಡಿ ನೆಮ್ಮದಿಯಿಂದ ಉಸಿರುಬಿಟ್ಟಳು. ಬದುಕಿದ್ದಾನೆ, ಕಛೇರಿಗೆ ಹೋಗಿದ್ದಾನೆ. ನೆಟ್ಟಗೆ ಹೋಗಿ ಜಗಲಿಯಲ್ಲಿ ಕೂತಳು.

ವರ್ಲಿನ್ ರಗ್ಗು ತಂದು ಅವಳಿಗೆ ಸುತ್ತಿದ, ಬಿಸಿ ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತ. ಹಿಮ ಉದುರತೊಡಗಿತ್ತು. ತಡವಾಗುತ್ತೆ, ನೀವು ಊಟ ಮಾಡಿ ಅಂತ ಹೋಬರ್ಟ್ ಫೋನ್ ಮಾಡಿದ್ದ ಎಂದು ಈ ಸಲ ಸುಳ್ಳು ಹೇಳಿದ.

"ನಿಂಗ್ಯಾಕೆ ಮಾಡ್ತಾನೆ?" ಓಮಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಅವನಿಗೆ ಏನಾಗಬೇಕು?"

ಹೋಬರ್ಟ್‌ನ ಬೂಟು, ಟೈ, ಕನ್ನಡಕ, ಹಲ್ಲಿನ ಸೆಟ್ಟು ಎಲ್ಲ ವರ್ಲಿನ್‌ನ ಬಳಿ ಇದ್ದವು.

"ಅವರ ಸಾಮಾನು ಹೊರೋನು, ಚಿಕ್ಕಮ್ಮ."

ಓಮಾ ಯೋಚಿಸಿದಳು. ಬಾಯಿ ತೆರೆದು ಒಂದು ಚಮಚ ನುಂಗಿದಳು. ಎರಡನೆಯದಕ್ಕೆ ತಲೆ ಅಲ್ಲಾಡಿಸಿ, ಅವನು ಬರಲಿ ಅಂದಳು. ಟೋಪಿಯ ಅಂಚು ವರ್ಲಿನ್‌ನ ಎದೆಗೆ ಒತ್ತುತ್ತಿತ್ತು. ಗಂಜಿ ಆರತೊಡಗಿತು, ಅವನು ಚಮಚ ಕೆಳಗಿಡಲಿಲ್ಲ.