ಸಹನೆಯ ಮೂರ್ತಿ

ಗಡಿಯಾರದ ತಾತ ಕನ್ನಡಕ ಏರಿಸಿ, ಮಗ ಬರೆದುಕೊಟ್ಟಿದ್ದ ಕಾಗದ ಬಿಡಿಸಿ, ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಓದಿದರು: "ನನ್ನ ಹೆಂಡತಿ ಸಹನೆಯ ಮೂರ್ತಿಯಾಗಿದ್ದಳು."

ಮುಂದಿನ ಕುರ್ಚಿಯಲ್ಲಿ ಕೂತಿದ್ದ ಮೊಮ್ಮಗಳು ಕಿಸಕ್ಕನೆ ನಕ್ಕುಬಿಟ್ಟಳು.

ಅದು ಅಜ್ಜಿಯ ನೆನಪಿನ ಸಭೆ. ಅಜ್ಜಿ ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿ ದುಡಿದ ಬಸ್ ಡಿಪೋದ ಕ್ಯಾಂಟೀನಿನಲ್ಲಿ ಮೇಜುಗಳನ್ನು ಗೋಡೆಗೆ ಒತ್ತರಿಸಿ ಕುರ್ಚಿ ಹಾಕಿದ್ದರು. ಡ್ರೈವರುಗಳು, ಮೆಕ್ಯಾನಿಕ್ಕುಗಳು, ನೆರೆಹೊರೆಯವರು ಅಂತ ಅರವತ್ತು ಮಂದಿ ಮುಖ ಬಿಗಿದುಕೊಂಡು ಕೂತಿದ್ದರು. ಹೈಸ್ಕೂಲ್ ಹೆಡ್ಮಾಸ್ಟರಾಗಿದ್ದ ಮಗ ತನ್ನ ಮಗಳನ್ನು ದುರುಗುಟ್ಟಿಕೊಂಡು ನೋಡಿದ.

ತಾತ ಅದೇ ಸಾಲನ್ನು ಇನ್ನೊಮ್ಮೆ ಓದಿದರು. ಈ ಸಲ ಅವರ ತುಟಿಯಲ್ಲೇ ನಗು ಇಣುಕಿತು. ಸಹನೆ! ಹಾಲು ಕಾಯುವವರೆಗೂ ಒಲೆ ಮುಂದೆ ನಿಂತವಳಲ್ಲ. ನಲವತ್ತಾರು ವರ್ಷ ಉಗುರುಬೆಚ್ಚಗಿನ ಚಹಾ ಕುಡಿದ ಬಾಳು ಇವರದು. ಮನೆಯಲ್ಲಿ ಮಾತೆಲ್ಲ ಅವಳ ಪಾಲು, ತಲೆಯಾಡಿಸುವುದು ಇವರ ಪಾಲು. ಅಂಥವರು ಇವತ್ತು ಕಾಗದ ಮಡಚಿ ಜೇಬಿಗೆ ಸೇರಿಸಿದರು.

"ಅಕ್ಷರ ಮುತ್ತಿನ ಹಾಗಿದೆ, ನನ್ನ ಮಗ ಚೆನ್ನಾಗೇ ಬರೆದಿದ್ದಾನೆ. ಆದ್ರೆ ಇದರಲ್ಲಿರೋದು ಬೇರೆ ಯಾರದೋ ಹೆಂಡತಿ."

"ಅಪ್ಪಾ..." ಎಂದ ಮಗ.

"ಸುಮ್ನಿರೋ. ನಾನು ಆಗ ಗಡಿಯಾರ ರಿಪೇರಿ ಅಂಗಡೀಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಎಂಟೂ ಹತ್ತರ ಬಸ್ಸು. ನಾನು ಮೂಲೆ ತಿರುಗೋದೂ ಇವಳು ಸೀಟಿ ಊದೋದೂ ಒಂದೇ. ಆರು ದಿವಸ ಬಸ್ಸಿನ ಹಿಂದೆ ಓಡಿದೆ, ಡಬ್ಬಿ ಒಂದು ಕಡೆ, ಚಪ್ಪಲಿ ಒಂದು ಕಡೆ. ಏಳನೇ ದಿವಸ ಅದೇನು ಕರುಣೆ ಬಂತೋ, ನಿಲ್ಲಿಸಿದಳು. 'ಏನು ಕೆಲಸ ನಿಮ್ದು?' ಅಂದಳು. ಗಡಿಯಾರ ರಿಪೇರಿ ಅಂದೆ. ಇಡೀ ಬಸ್ಸಿಗೆ ಕೇಳೋ ಹಾಗೆ, 'ಮೊದಲು ನಿಮ್ಮದನ್ನ ರಿಪೇರಿ ಮಾಡ್ಕೊಳ್ರೀ!' ಅಂದಳು."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದಂತೆ ನಟಿಸಿದರು.

"ಅದಾಗಿ ನಾಲ್ಕನೇ ದಿವಸ ಟಿಕೆಟ್ ಹರಿದುಕೊಡ್ತಾ, 'ನನ್ನನ್ನ ಮದುವೆಗೆ ಕೇಳ್ತೀರೋ ಇಲ್ವೋ? ಮುಂದಿನ ಸ್ಟಾಪಲ್ಲಿ ನನ್ನ ಡ್ಯೂಟಿ ಮುಗಿಯುತ್ತೆ' ಅಂದಳು."

"ಕೇಳಿದ್ಯಾ ತಾತ?" ಎಂದಳು ಮೊಮ್ಮಗಳು.

"ಎಲ್ಲಿ ಕೇಳೋದು! ನಾನು ಬಾಯಿ ತೆಗೆಯೋದ್ರೊಳಗೆ 'ಹೂಂ, ಒಪ್ಪಿದೆ' ಅಂದುಬಿಟ್ಟಳು."

ಕೆಮ್ಮುತ್ತಿದ್ದವರು ನಟನೆ ಬಿಟ್ಟು ನಕ್ಕರು. ಮೊಮ್ಮಗಳು ಎದ್ದು ನಿಂತು, ಅಜ್ಜಿ ಹೇಳುತ್ತಿದ್ದ ಕಥೆಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದಳು: "ಒಬ್ಬ ರಾಜ ಇದ್ದ, ಕಾಡಿಗೆ ಹೋದ, ವಾಪಸ್ ಬಂದ, ಮಲಗು!"

ಆಗ ಬಾಗಿಲ ಬಳಿ ಹಲ್ಲಿನ ಡಾಕ್ಟರು ಶಾಲೆಯ ಹುಡುಗನಂತೆ ಕೈ ಎತ್ತಿದರು. ಅವರೂ ಹೆಡ್ಮಾಸ್ಟರೂ ಒಂದೇ ಕ್ಲಾಸಿನಲ್ಲಿ ಓದಿದವರು.

"ನಾವು ಮೂರನೇ ಕ್ಲಾಸು. ಒಂದು ದಿನ ಜೋರು ಮಳೆ. ಎಲ್ಲರದ್ದೂ ಒಂದೇ ಥರ ರೈನ್‌ಕೋಟು, ಟೊಪ್ಪಿ ಮೂಗಿನ ತನಕ. ಕಂಡಕ್ಟರಮ್ಮ ಗೇಟಿಗೆ ಓಡಿ ಬಂದೋರೇ ನನ್ನ ಕೈ ಹಿಡಿದು ಎಳ್ಕೊಂಡು ಹೊರಟ್ರು. 'ಆಂಟಿ, ನಾನು...' ಅಂದೆ. 'ಮನೆಗೆ ಹೋಗಿ ಮಾತಾಡು' ಅಂದ್ರು. ಮನೇಲಿ ಕೂರಿಸಿ ಮೊಟ್ಟೆ ಕೊಟ್ರು. 'ನಾನು ನಿಮ್ಮ...' ಅಂದೆ. 'ಬಾಯಲ್ಲಿ ತುತ್ತಿಟ್ಕೊಂಡು ಮಾತಾಡ್ಬೇಡ' ಅಂದ್ರು. ತಿಂದಾದ ಮೇಲೆ ಟೊಪ್ಪಿ ತೆಗೆದು ನೋಡಿದ್ರೆ... 'ಅಯ್ಯೋ, ಯಾರ ಮಗನೋ ನೀನು!'"

ಕ್ಯಾಂಟೀನಿಗೆ ಕ್ಯಾಂಟೀನೇ ಹೋ ಎಂದಿತು. ಹೆಡ್ಮಾಸ್ಟರ್ ಮಗ ತಟಕ್ಕನೆ ಎದ್ದ. ಮುಖ ಕೆಂಪಗಾಗಿತ್ತು.

"ಆ ಮೊಟ್ಟೆ ನಂದು ಕಣೋ!" ಎಂದು ಕೂಗಿದ. "ನಾನು ಗೇಟಲ್ಲಿ ನೆನೀತಾ ಕೂತಿದ್ದೆ! ಅಮ್ಮ ವಾಪಸ್ ಬಂದು, 'ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ' ಅಂತ ನನಗೇ ಬೈದಳು!" ಹಾಗೆಂದವನೇ ಅವನೂ ನಗತೊಡಗಿದ. ಅಮ್ಮ ಹೋದಾಗಿನಿಂದ ಒಂದು ಹನಿ ಕಣ್ಣೀರು ಹಾಕದ ಗಂಡಸು, ಕುರ್ಚಿಯ ಬೆನ್ನು ಹಿಡಿದು ನಕ್ಕು ನಕ್ಕು, ಆ ನಗುವಿನಲ್ಲೇ ಬಿಕ್ಕಿದ. ಡಾಕ್ಟರು ಓಡಿ ಬಂದು ಅಪ್ಪಿಕೊಂಡರು.

ತಾತ ಎಲ್ಲವನ್ನೂ ಕಣ್ತುಂಬ ನೋಡಿದರು. "ಮೂರು ತಿಂಗಳು ಅಂದಿದ್ರು ಆಸ್ಪತ್ರೆಯವರು," ಎಂದರು. "ಇವಳು ಒಂಬತ್ತೇ ದಿವಸಕ್ಕೆ ಹೊರಟಳು. ನನಗೆ ತುಂಬ ಕೋಪ ಬಂದಿತ್ತು. ಏನು ಅವಸರ ಇತ್ತು ಇವಳಿಗೆ ಅಂತ. ಈಗ ಅನ್ನಿಸುತ್ತೆ, ಇವಳು ಇವಳ ಹಾಗೇ ಹೋದಳು. ಬೇರೆ ಯಾರ ಹಾಗೋ ಹೋಗಿದ್ದಿದ್ರೆ ನನಗೆ ಗುರುತೇ ಸಿಕ್ತಿರಲಿಲ್ಲ."

ಯಾರೋ ಜೋರಾಗಿ ಮೂಗು ಸೀಟಿದರು. ಅದು ಲಾರಿಯ ಹಾರನ್ನಿನಂತೆ ಕೇಳಿಸಿ ಮೊಮ್ಮಗಳು ಮತ್ತೆ ನಗಲು ಶುರುಮಾಡಿದಳು. ಅವಳ ಹಿಂದೆ ಎಲ್ಲರೂ.

ಆಮೇಲೆ ಸಭೆ ಸಭೆಯಾಗಿ ಉಳಿಯಲಿಲ್ಲ. ಕುರ್ಚಿಗಳು ಗುಂಪಾದವು, ಮೇಜುಗಳು ಗೋಡೆ ಬಿಟ್ಟು ಬಂದವು. ತಾತನಿಗೆ ಬಿಕ್ಕಳಿಕೆ ಹತ್ತಿತು. ನೀರು ಕುಡಿದ ಮೇಲೆ ಹೊಟ್ಟೆ ಚುರುಗುಟ್ಟುತ್ತಿರುವುದು ಗೊತ್ತಾಯಿತು. ಮೂರು ವಾರದಿಂದ ಸರಿಯಾಗಿ ತುತ್ತು ಒಳಗಿಳಿದಿರಲಿಲ್ಲ. ಕ್ಯಾಂಟೀನಿನವನು ಬಿಸಿ ಅನ್ನ ಬಡಿಸಿದ. ಮಗ ಪಕ್ಕದಲ್ಲಿ ಕೂತು ತಟ್ಟೆಗೆ ಇನ್ನಷ್ಟು ಹಾಕಿಸಿದ.

ಅಜ್ಜಿಯ ಜೊತೆ ಹತ್ತು ವರ್ಷ ಬಸ್ಸು ಓಡಿಸಿದ ಮೀಸೆ ಡ್ರೈವರು ಕುರ್ಚಿ ಎಳೆದುಕೊಂಡು ಬಂದ. "ಟಿಕೆಟ್ ಚೆಕ್ ಮಾಡೋ ಇನ್‌ಸ್ಪೆಕ್ಟರನ್ನೇ ಅಮ್ಮ ನಡುದಾರೀಲಿ ಇಳಿಸಿದ್ದು ಗೊತ್ತಾ ನಿಮಗೆ?"

ತಾತನ ಕೈ ತಟ್ಟೆಯಲ್ಲೇ ನಿಂತಿತು. "ಇಲ್ವಲ್ಲಯ್ಯ! ನನಗೆ ಹೇಳೇ ಇಲ್ಲ ಅವಳು!" ಎಂದು ಕಣ್ಣರಳಿಸಿ ಹತ್ತಿರ ಜರುಗಿದರು. "ಹೇಳು, ಹೇಳು, ಪೂರ್ತಿ ಹೇಳು."